ಈ ಸಹಿ ನಂದೇ ಅದ, ವ್ಯಾಸಣ್ಣಾ

ಕಲಬುರಗಿ
೯ ನವೆಂಬರ್ ೨೦೨೫, ಆದಿತವಾರ

ಪ್ರೀತಿಯ ವ್ಯಾಸಣ್ಣಗ,

ನಿನ್ನ ಪದ್ಮಿಯ ನಮಸ್ಕಾರ. ಮೊದಲ ನಿನ್ನ ಆರೋಗ್ಯದ ಮಾತು. ನಾಶಿಕದಾಗ ಥಂಡಿ ಶುರು ಆಗಿರಬೇಕು. ಬೆಳಗಾಗೂದ್ರಾಗ ಕಾಲೇಜಿನ ಹುಡುಗರನ್ನ ಕರಕೊಂಡು ದ್ರಾಕ್ಷಿ ತೋಟಕ್ಕ ಹೋಗ್ತೀಯಂತ. ಕಿವಿಗೆ ಏನರೆ ಕಟ್ಟಿಕೊಂಡು ಹೋಗು, ಸಣ್ಣಾವ ಇದ್ದಾಗಿಂದ ನಿಂಗ ಥಂಡಿ ಮೊದಲು ಕಿವಿಗೇ ಹತ್ತತದ. ಮುನೀರಾ ವೈನಿ ಬೆನ್ನು ನೋವು ಹ್ಯಾಂಗದ? ದವಾಖಾನ್ಯಾಗ ದಿನಾ ನಿಂತು ನರ್ಸ್ ಕೆಲಸ ಮಾಡೂದಂದ್ರ ಸುಮ್ಮನ ಅಲ್ಲ. ಬಿಸಿ ನೀರಿನ ಚೀಲ ಇಟ್ಕೊಳ್ಳಲಿಕ್ಕೆ ಹೇಳು. ಇಲ್ಲಿ ಆಯಿ ಆರಾಮ ಇದ್ದಾಳ. ಮೊಣಕಾಲು ಹಿಡೀತಾವ, ಜೀನಾದ ಮೆಟ್ಟಿಲು ಇಳಿಯೂದು ಕಡಿಮಿ ಮಾಡ್ಯಾಳ, ಆದ್ರ ನಾಲಿಗಿ ಮೊದಲಿನಂಗೇ ಚುರುಕದ. ನಾನೂ ಆರಾಮ ಇದ್ದೀನಿ. ಲೈಬ್ರರಿಗೆ ಹೊಸಾ ಕಪಾಟು ಬಂದಾವ, ದಿನಾ ಧೂಳಿನಾಗೇ ಸಂಜಿ ಆಗ್ತದ.

ಈ ಮೇಲ್ ಪತ್ರ ನಿನಗ ಕೀಲಿ ಹಾಕ್ಕೊಂಡು ಬಂದಿರತದ. ಮ್ಯಾಲಿನ ವಿಷಯದ ಸಾಲಿಗೆ ಕೀಲಿ ಬೀಳೂದಿಲ್ಲಂತ ನಮ್ಮ ಕಾಲೇಜಿನ ಕಂಪ್ಯೂಟರ್ ಮೇಡಂ ಫರ್ಹೀನ್ ಹೇಳಿದ್ಳು, ಅದಕ್ಕ ಅಲ್ಲಿ ಬರೇ ‘ಕ್ಷೇಮ’ ಅಂತ ಬರದೀನಿ. ಒಳಗಿಂದು ನೀ ಒಬ್ಬನೇ ಓದಬಹುದು. ಇಷ್ಟು ಖಟಪಟಿ ಯಾಕ ಮಾಡಿದೆ ಅಂತ ವೈನಿ ತಂಗಿ ಹೀನಾ ನಿಂಗ ಅರ್ಧಾ ಹೇಳಿರಬೇಕು. ಪೂರ್ತಿ ನನ್ನ ಬಾಯಿಂದ ಕೇಳು.

ನೀ ಮುನೀರಾ ವೈನಿ ಜೋಡಿ ಲಗ್ನ ಮಾಡಿಕೊಂಡು ಊರು ಬಿಟ್ಟ ಮ್ಯಾಲ ಆಯಿ ನಿನ್ನ ಹೆಸರು ಎತ್ತಿರಲಿಲ್ಲ. ನಾವೂ ಎತ್ತುತಿರಲಿಲ್ಲ. ಹಿಂದಿನ ವರ್ಷ ದೀಪಾವಳಿ ಮುಂದ ಒಂದಿನ ಕುಸಬಿ ಎಣ್ಣಿ ಸೋಸಿಕೋತ ಕೂತಾಕಿ, ತಲಿ ಎತ್ತದೆ, ವ್ಯಾಸ ಹಬ್ಬಕ್ಕ ಬರತಾನೇನು ಕೇಳು ಅಂದ್ಳು. ಅಕಿನ್ನೂ ಕರಕೊಂಡು ಬರಲಿ ಅಂತ ಎಣ್ಣಿ ಡಬ್ಬಿ ಮುಚ್ಚಿಕೋತ ಅಂದ್ಳು. ನಾ ಅವತ್ತೇ ನಿಂಗ ಮೇಲ್ ಬರದೆ. ನೀನೂ ಬರತೀವಿ ಅಂತ ಬರದಿ. ಆಯಿ ಸುಣ್ಣ ಹಚ್ಚಿಸಿದ್ಳು, ಗಾದಿ ಬಿಸಿಲಿಗೆ ಹಾಕಿಸಿದ್ಳು. ನೀರು ತುಂಬೂ ಹಬ್ಬದ ದಿನ ಗ್ಯಾಲರಿಯೊಳಗ ಕೂತು ಜಗತ್ ಸರ್ಕಲ್ ಕಡಿಂದ ಬರೂ ಆಟೋ ಎಲ್ಲಾ ನೋಡಿದ್ಳು. ನೀವು ಬರಲಿಲ್ಲ. ಫೋನ್ ಮಾಡಿದ್ರ ಎತ್ತಲಿಲ್ಲ. ಅವಗ ಇನ್ನೂ ಸಿಟ್ಟು ಹೋಗಿಲ್ಲ ಅಂತ ಆಯಿ ಎದ್ದು ಒಳಗ ಹೋದ್ಳು. ಆವತ್ತು ಊಟ ಮಾಡಲಿಲ್ಲ.

ಒಂದು ವರ್ಷದ ತನಕ ನಾನೂ ಹಂಗೇ ತಿಳಕೊಂಡಿದ್ದೆ, ಅಣ್ಣಾ. ಈ ಸಲ ದಸರಾ ಮುಂದ ಸೂಪರ್ ಮಾರ್ಕೆಟ್‌ನ ಅರಿವಿ ಅಂಗಡ್ಯಾಗ ವೈನಿ ತಂಗಿ ಹೀನಾ ಸಿಕ್ಕಳು. ಮಾತಾಡಿಸಿದ್ರ ಮಾರಿ ತಿರುಗಿಸಿದ್ಳು. ಅಕ್ಕಾ ಭಾವ ಹ್ಯಾಂಗಿದ್ದಾರ ಅಂತ ಮತ್ತ ಕೇಳಿದೆ. ಅಕಿ ಕೈಯಾಗಿನ ಬಟ್ಟಿ ಕೆಳಗಿಟ್ಟು, “ಬರಬ್ಯಾಡ್ರಿ ಅಂತ ನೀವೇ ಬರೀತೀರಿ, ಹ್ಯಾಂಗಿದ್ದಾರ ಅಂತ ನೀವೇ ಕೇಳ್ತೀರಿ” ಅಂದ್ಳು. ಮೊಬೈಲ್ ತಗದು ನೀ ಅಕಿಗೆ ಕಳಿಸಿದ್ದ ಆ ಮೇಲ್ ತೋರಿಸಿದ್ಳು. ಆಯಿಗೆ ನಿಮ್ಮ ಮಾರಿ ನೋಡೂದು ಬ್ಯಾಡಾಗ್ಯದ, ಫೋನೂ ಮಾಡಬ್ಯಾಡ್ರಿ, ಅಕಿ ಜೀವಕ್ಕ ತ್ರಾಸ ಆಗ್ತದ, ಅಂತ. ಕೆಳಗ ನನ್ನ ಹೆಸರು. ಮ್ಯಾಲ ನನ್ನ ವಿಳಾಸ. ಗಿರಾಕಿಗಳ ನಡುವ ಅಲ್ಲೇ ಸ್ಟೂಲ್ ಮ್ಯಾಲ ಕೂತುಬಿಟ್ಟೆ. ನನ್ನ ಮಾರಿ ನೋಡಿ ಹೀನಾಗ ತಿಳೀತು. ನೀರು ತರಿಸಿ ಕೊಟ್ಟಳು.

ನನ್ನ ಮೇಲ್ ಖಾತೆ ತಗದವ್ರು ಶ್ರೀನಿವಾಸ ಕಾಕಾ. ನೌಕರಿ ಅರ್ಜಿ ಹಾಕೂಮುಂದ ಕಪನೂರದ ತಮ್ಮ ಬ್ಯಾಳಿ ಮಿಲ್ಲಿನ ಆಫೀಸಿನಾಗ ತಾವೇ ಮಾಡಿಕೊಟ್ಟಿದ್ರು. ಆ ಕಂಪ್ಯೂಟರಿನ್ಯಾಗ ನನ್ನ ಖಾತೆ ಅಂದಿನಿಂದ ತೆರದೇ ಇತ್ತು. ನಿನ್ನ ಪಾಸ್‌ವರ್ಡ್ ಇನ್ನೂ ಅದೇ ಅದ ಏನವಾ ಅಂತ ನಡುನಡುವ ನಗಿಚಾಟಿಗಿ ಮಾಡ್ತಿದ್ರು. ಮನಿ ಹಿರಿಯಾ, ಅದರಾಗೇನದ ಅಂತ ನಾನೂ ನಗತಿದ್ದೆ.

ಮರುದಿನ ಕಪನೂರಕ್ಕ ಹೋದೆ. ಮಿಷನ್ ಸಪ್ಪಳದಾಗ ಕೇಳಲಿಕ್ಕಿಲ್ಲಂತ ಬಾಗಿಲಾ ಹಾಕಿ ಕೇಳಿದೆ. ಅವ್ರು ಸುಳ್ಳು ಹೇಳಲಿಲ್ಲ, ಅದೊಂದು ಅವರ ಗುಣ. ಆ ಮೇಲ್ ಬರದದ್ದೂ ತಾವೇ, ನನ್ನ ಖಾತ್ಯಾಗಿಂದ ಅಳಿಸಿದ್ದೂ ತಾವೇ ಅಂದ್ರು. ಚಷ್ಮಾ ತಗದು ಒರಸಿಕೋತ, “ನಿಮ್ಮವ್ವನ ಮನಸ್ಸು ಕರಗಲಿಕ್ಕತ್ತಿತ್ತು, ಪದ್ಮಿ. ನಂಗ ಅದೇ ಅಂಜಿಕಿ ಆತು” ಅಂದ್ರು. ಅಪ್ಪ ಹೋದ ಮ್ಯಾಲ ನಮ್ಮನ್ನ ಕಮಲಾಪುರದಿಂದ ಕರಕೊಂಡು ಬಂದು, ನಿನ್ನ ಮುಂಜಿ ಮಾಡಿ, ನನ್ನ ಓದಿಸಿದ ಕೈ ಅದು. ಬೈಲಿಕ್ಕೆ ಬಾಯಿ ಬರಲಿಲ್ಲ. “ಆಯಿ ಹೆಸರಿಲೆ ಬರದ್ರೆಲ್ಲಾ ಕಾಕಾ, ಆಯಿನ್ನ ಒಂದು ಮಾತು ಕೇಳಬೇಕಿತ್ತು” ಅಂದೆ, ಅಷ್ಟೇ. ಬಸ್ಸಿನಾಗ ಮನಿ ತನಕ ಅತ್ತೆ.

ಪಾಸ್‌ವರ್ಡ್ ಬದಲಿ ಮಾಡಿದ್ದಾತು. ಆದ್ರ ಇನ್ನ ಮ್ಯಾಲ ನಾ ಏನು ಬರದರೂ ನೀ ಹ್ಯಾಂಗ ನಂಬತಿ? ಇದನ್ನ ಫರ್ಹೀನ್ ಮುಂದ ಹೇಳಿದಾಗ ಅಕಿ ಅದಕ್ಕೊಂದು ಹಾದಿ ಅದ ಅಂದ್ಳು. ಪ್ರತಿಯೊಬ್ಬರಿಗೂ ಎರಡು ಕೀಲಿಕೈ ಅಂತ. ಒಂದನ್ನ ಎಲ್ಲರಿಗೂ ಹಂಚಬಹುದು, ಇನ್ನೊಂದನ್ನ ಯಾರಿಗೂ ಕೊಡಬಾರದು, ಮನಿ ಹಿರಿಯಾಗೂ. ನೀ ಹಂಚಿದ ಕೀಲಿಯಿಂದ ನಾ ಪತ್ರ ಮುಚ್ಚಿದ್ರ, ನೀ ಇಟ್ಕೊಂಡ ಕೀಲಿಯಿಂದ ಮಾತ್ರ ಅದು ತೆರೀತದ. ನಾ ಇಟ್ಕೊಂಡ ಕೀಲಿಯಿಂದ ಸಹಿ ಹಾಕಿದ್ರ, ನಾ ಹಂಚಿದ ಕೀಲಿಯಿಂದ ನೀ ಅದನ್ನ ತಾಳೆ ಹಾಕಿ ನೋಡಬಹುದು. ನಡುವ ಯಾರರೆ ಒಂದಕ್ಷರ ತಿದ್ದಿದ್ರೂ ಸಹಿ ಕೂಡೂದಿಲ್ಲ. ಆದ್ರ ನನ್ನ ಹೆಸರಿಲೆ ಬ್ಯಾರೆ ಯಾರೋ ಕೀಲಿ ಮಾಡಿ ಕಳಿಸಿದ್ರ ಅಂತ ಕೇಳಿದೆ. ಅದಕ್ಕೇ ಕೀಲಿಯ ಗುರುತನ್ನ ನೆಟ್ಟಿನ ಮ್ಯಾಲ ಅಲ್ಲ, ಕೈಯಿಂದ ಕೈಗೆ ಕೊಡಬೇಕು ಅಂದ್ಳು. ಅಷ್ಟುದ್ದ ಅಂಕಿ ಅಕ್ಷರ ನಾನೇ ಕಾಗದದ ಮ್ಯಾಲ ಬರದೆ. ಹೀನಾ ಅಕ್ಕನ್ನ ನೋಡಲಿಕ್ಕೆ ನಾಶಿಕಕ್ಕ ಹೊಂಟಿದ್ಳು, ಪರ್ಸಿನ್ಯಾಗ ಇಟ್ಟುಕೊಂಡು ಒಯ್ದಳು. ಬರೂಮುಂದ ನಿಂದು ತಂದ್ಳು. ಕಾಗದ ನೋಡಿದ ಕೂಡಲೇ ಇದು ಪದ್ಮಿ ಕೈ ಅಂತ ನೀ ಅಂದಿಯಂತ. ಅನ್ನದೆ ಏನು ಮಾಡ್ತಿ, ಕಮಲಾಪುರದ ಪಡಸಾಲ್ಯಾಗ ಪಾಟಿ ಮ್ಯಾಲ ನನ್ನ ಕೈ ಹಿಡದು ತಿದ್ದಿಸಿದಾವ ನೀನೇ ಅಲ್ಲೇನು?

ಇದನ್ನೆಲ್ಲಾ ಆಯಿಗೆ ಹ್ಯಾಂಗ ತಿಳಿಸಲಿ ಅಂತ ಚಿಂತಿ ಮಾಡ್ತಿದ್ದೆ. ಅಕಿಗೇನು, ಅರ್ಧಾ ಮಾತಿಗೇ ತಿಳೀತು. ಉದಗೀರದ ಅಜ್ಜ ಅಕಿಗೆ ಮರಾಠಿಯ ಹಳೇ ಮೋಡಿ ಲಿಪಿಯೊಳಗ ಬರೀತಿದ್ದ ಪತ್ರ ನೆನಪದಾವೇನು ನಿನಗ? ಆ ಅಕ್ಷರ ನಮ್ಮ ಮನ್ಯಾಗ ಆಯಿ ಒಬ್ಬಾಕಿಗೇ ಬರತಿದ್ವು. ಕಮಲಾಪುರದ ಮನಿ ಹಿತ್ತಲದಾಗ ಕೆಂಪು ಬಾಳಿ ಗಿಡದ ಕೆಳಗ ಕೂತು ಓದೂಮುಂದ ಒಮ್ಮೆ ನಗತಿದ್ಳು, ಒಮ್ಮೆ ಸೆರಗಿಲೆ ಕಣ್ಣು ಒರಸಿಕೋತಿದ್ಳು. ನೀನೂ ನಾನೂ ಅಕಿ ಹೆಗಲ ಮ್ಯಾಲ ಬಗ್ಗಿ ಬಗ್ಗಿ ನೋಡತಿದ್ವಿ, ಬರೇ ಇರುವಿ ಸಾಲು ಕಂಡಂಗ ಕಾಣತಿತ್ತು. ಏನು ಬರದಾನ ಅಂತ ಕೇಳಿದ್ರ, ನಿಮ್ಮಿಬ್ಬರ ಕಿವಿ ಹಿಂಡು ಅಂತ ಬರದಾನ ಅಂತಿದ್ಳು. ತುಂಬಿದ ಮನ್ಯಾಗ ಅಕಿದು ಅಂತ ಇದ್ದದ್ದು ಅದೊಂದೇ. ಯಾರೂ ಕಸಗೊಳ್ಳಲಿಕ್ಕೆ ಆಗತಿರಲಿಲ್ಲ. ಆವಾಗ ನಮಗ ಅದು ಆಟ, ಈಗ ಅದರ ಬೆಲಿ ತಿಳೀತದ. ಎಂಥಾ ಮಧ್ಯಾಹ್ನಗಳು ಅವು, ಅಣ್ಣಾ. ಗೊನಿ ಹಣ್ಣಾದ ವಾಸನಿ, ಬಾವಿ ಗಡಗಡಿ ಸಪ್ಪಳ, ಒಳಗ ಅಪ್ಪ ಶಾಲಿ ಹುಡುಗರ ಪೇಪರ್ ತಿದ್ದಿಕೋತ ಮಾಡೂ ಗುನುಗು. ಹೋದ ತಿಂಗಳು ಕಮಲಾಪುರಕ್ಕ ಹೋಗಿದ್ದೆ. ನಮ್ಮ ಮನಿ ಜಾಗಾದಾಗ ಈಗ ಮೊಬೈಲ್ ಅಂಗಡಿ ಅದ. ಹಿತ್ತಲದ ಕಟ್ಟಿ ಮಾತ್ರ ಉಳದದ. ಸ್ವಲ್ಪ ಹೊತ್ತು ಅಲ್ಲೇ ಕೂತು ಬಂದೆ.

ಕಾಕಾ ಮಾಡಿದ್ದನ್ನ ಕೇಳಿ ಆಯಿ ಅಳಲಿಲ್ಲ. ಅವರಿಗೆ ದಿನಾ ಕಳಸೂ ಚಹಾನೂ ನಿಂದರಿಸಲಿಲ್ಲ. ಮಾತು ಮಾತ್ರ ಬಿಟ್ಟಾಳ. ಇಷ್ಟು ಹೇಳೂದಿತ್ತು. ಆ ಮೇಲ್ ನಂದಲ್ಲ, ಆಯಿದೂ ಅಲ್ಲ. ಈ ಪತ್ರದ ಸಹಿ ತಾಳೆ ಹಾಕಿ ನೋಡು, ಕೂಡಿದ್ರ ನಂಬು, ನಂಬಿದ್ರ ವೈನಿನ್ನ ಕರಕೊಂಡು ಬಾ.

ಆಯಿ ನಿಮ್ಮಿಬ್ಬರಿಗೂ ತಲಿ ಮ್ಯಾಲ ಕೈ ಇಟ್ಟು ಆಶೀರ್ವಾದ ಹೇಳ್ಯಾಳ. ವೈನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ತಂಗಿ,
ಪದ್ಮಜಾ

ತಾ.ಕ.: ಬರದದ್ದು ಆಯಿಗೆ ಓದಿ ಹೇಳಿದೆ. ಅವ ಬರೂದು ಬ್ಯಾಡ ಅಂತ ಬರಿ ಅಂದ್ಳು. ಯಾಕ ಆಯಿ ಅಂದೆ. “ಒಮ್ಮೆ ಕರಿಸಿಕೊಂಡು ಬ್ಯಾಡ ಅನಿಸಿಕೊಂಡಾನ. ಈ ಸಲ ನಾನೇ ಹೋಗ್ತೀನಿ” ಅಂದ್ಳು. ಟಿಕೀಟ್ ತಗಿಸೀನಿ. ಬರೂ ಶನಿವಾರ ಮನಮಾಡ್ ಸ್ಟೇಷನ್ನಿಗೆ ಬಾ, ಮೊಣಕಾಲಿನಿಂದ ಅಕಿಗೆ ಇಳೀಲಿಕ್ಕೆ ತಡ ಆಗ್ತದ, ಡಬ್ಬಿ ಬಾಗಿಲದ ಹತ್ತರನೇ ನಿಂದ್ರು. ನಾವು ಹೊರಡೂ ತನಕ ಕಾಕಾನ ಕಿವಿಗೆ ಬೀಳಬಾರದು. ಮತ್ತ ವೈನಿಗೆ ಹೇಳು, ಆಯಿ ತನ್ನ ಮಡಿ ಊಟದ ಬುತ್ತಿ ಕಟ್ಟಿಕೊಳ್ಳಾಕತ್ತಿಲ್ಲ. ಅಕಿ ಏನು ಮಾಡಿ ಹಾಕ್ತಾಳ ಕೇಳು ಅಂದಾಳ. ಖಾರ ಸ್ವಲ್ಪ ಕಡಿಮಿ ಇರಲಿ ಅಂತ.