ಬಣ್ಣದಡಿಯ ಅರದ ಗೆರೆ

ಭಾವನವರಿಗೆ,

ಆರು ವರ್ಷವಾದ ಮೇಲೆ ಕಾಗದ ಬರೆಯುತ್ತಿದ್ದೇನೆ. ಕ್ಷೇಮ ಕೇಳಲು ಮುಖವಿಲ್ಲ, ಅದಕ್ಕೆ ಜೀಪಿನಿಂದಲೇ ಶುರು ಮಾಡುತ್ತೇನೆ. ನಮ್ಮಿಬ್ಬರಿಗೆ ಮೊದಲಿನಿಂದಲೂ ಮಾತು ಹುಟ್ಟುತ್ತಿದ್ದದ್ದು ಬಾನೆಟ್ ಎತ್ತಿದ ಮೇಲೆಯೇ ಅಲ್ಲವೇ.

ಆಸ್ಪತ್ರೆಯ ಹಳೇ ಜೀಪು, ನಾವು ‘ಮುದುಕಿ’ ಎಂದು ಕರೆಯುತ್ತಿದ್ದೆವಲ್ಲ, ಅದು ಮತ್ತೆ ನನ್ನ ಶೆಡ್ಡಿಗೆ ಬಂದಿದೆ. ಹೊಸ ವ್ಯಾನು ಬಂದಾಗಿನಿಂದ, ನಾಲ್ಕು ವರ್ಷ, ಅದು ಆಸ್ಪತ್ರೆಯ ಹಿಂದೆ ಟಾರ್ಪಾಲಿನಡಿ ನಿಂತಿತ್ತು. ಆದರೆ ಆ ವ್ಯಾನು ಗುಡ್ಡದ ದಾರಿ ಹತ್ತುವುದಿಲ್ಲ. ಮೇಲೆ ಇಬ್ಬರು ಬಸುರಿಯರಿಗೆ ದಿನ ತುಂಬುತ್ತಿದೆ. ನರ್ಸಮ್ಮ ಬಂದು, “ನಾಲ್ಕೂ ಚಕ್ರ ಎಳೆಯೋ ಗಾಡಿ ಅದೊಂದೇ ಇರೋದು, ಸೋಮವಾರದೊಳಗೆ ಹೊರಡಿಸಿ ಕೊಡು” ಎಂದರು. ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ. ನನಗೂ ಅವರ ಮುಖ ನೋಡುವುದು ಬೇಕಿರಲಿಲ್ಲ.

ಮೂರು ದಿನ ಅದರ ಅಡಿಯಲ್ಲಿ ಅಂಗಾತ ಮಲಗಿದ್ದೇನೆ ಭಾವ. ಸೊಂಟ ಬಿದ್ದುಹೋಗಿದೆ. ಕೀ ತಿರುಗಿಸಿದರೆ ‘ಟಕ್’ ಎಂದು ಒಂದೇ ಸದ್ದು, ಆಮೇಲೆ ಮೌನ. ಬ್ಯಾಟರಿ ಸತ್ತಿರಬೇಕೆಂದು ಹೊಸದು ಕೂರಿಸಿದೆ. ಅದೇ ಟಕ್. ಸ್ಟಾರ್ಟರ್ ಮೋಟಾರು ಕಳಚಿ ಬೆಂಚಿನ ಮೇಲಿಟ್ಟು ನೇರ ಕರೆಂಟು ಕೊಟ್ಟೆ, ಚೆನ್ನಾಗಿಯೇ ತಿರುಗಿತು. ವಾಪಸ್ ಜೀಪಿಗೆ ಹಾಕಿದರೆ ಮತ್ತೆ ಅದೇ ಹಾಡು. ಬ್ಯಾಟರಿಯಿಂದ ಬರುವ ದಪ್ಪ ವೈರು ಬದಲಾಯಿಸಿದೆ, ಕೀ ಬದಲಾಯಿಸಿದೆ. ಡೀಸೆಲ್ ಟ್ಯಾಂಕನ್ನೂ ತೊಳೆದೆ. ಎಂಜಿನ್ನೇ ತಿರುಗದಿರುವಾಗ ಟ್ಯಾಂಕು ತೊಳೆಯುವವನಿಗೆ ಏನೆನ್ನಬೇಕು? ನೀವಿದ್ದಿದ್ದರೆ, “ಹಲ್ಲು ನೋವಿಗೆ ಕಾಲಿಗೆ ಎಣ್ಣೆ ಹಚ್ಚಿದನಂತೆ” ಎಂದು ನಗುತ್ತಿದ್ದಿರಿ.

ನಿನ್ನೆ ಬೆಳಿಗ್ಗೆ ನರ್ಸಮ್ಮ ಎಲ್ಲಿಗೆ ಬಂತು ಕೆಲಸ ಎಂದು ನೋಡಲು ಬಂದರು. ಕೀ ತಿರುಗಿಸಿ ಹಿಡಿದುಕೊಳ್ಳಿ ಎಂದು ಅವರನ್ನು ಒಳಗೆ ಕೂರಿಸಿ ನಾನು ಬಾನೆಟ್ಟಿನೊಳಗೆ ತಲೆ ಹಾಕಿದೆ. “ಏನೋ ಸುಟ್ಟ ವಾಸನೆ ಬರ್ತಿದೆ ಕಣಪ್ಪ” ಎಂದರು. ಕೈಯಾಡಿಸಿದೆ. ಆಕ್ಸಿಲರೇಟರಿನ ಕೇಬಲ್ಲು ಕೆಂಡದ ಹಾಗೆ ಕಾದಿತ್ತು. ಬೆರಳಿನ ಚರ್ಮ ಎದ್ದು ಬಂತು.

ಆಗ ನಿಮ್ಮ ಮಾತು ನೆನಪಾಯಿತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೇಳಿದ್ದಿರಿ: “ಕರೆಂಟು ಹೋದ್ರೆ ಸಾಲದು ಕಣೋ, ಮನೆಗೆ ವಾಪಸ್ ಬರ್ಬೇಕು. ದೊಡ್ಡ ಬಾಗಿಲು ಮುಚ್ಚಿದ್ರೆ ಕಿಟಕಿಯಿಂದ ನುಗ್ಗತ್ತೆ.” ಎಂಜಿನ್ನಿನಿಂದ ಅಡಿಯ ಕಬ್ಬಿಣದ ಚಾಸಿಗೆ ಬಿಗಿಯುವ ಅರ್ತ್ ಪಟ್ಟಿಯೇ ಆ ದೊಡ್ಡ ಬಾಗಿಲು. ಅಲ್ಲಿ ದಾರಿ ಕಟ್ಟಿಹೋಗಿ, ಅಷ್ಟೂ ಕರೆಂಟು ಬಡಪಾಯಿ ಕೇಬಲ್ಲಿನಲ್ಲಿ ನುಗ್ಗುತ್ತಿತ್ತು. ಪಟ್ಟಿಯ ಬೋಲ್ಟು ಬಿಚ್ಚಿದೆ. ಕಬ್ಬಿಣಕ್ಕೆ ಕಬ್ಬಿಣ ಕೂರಬೇಕಾದ ಜಾಗದಲ್ಲಿ ಹಸಿರು ಬಣ್ಣ, ಹೊಳೆಯುವ ಬಣ್ಣ, ಎರಡು ಕೋಟು. ನಾನು ಹೊಡೆದದ್ದು. ಗಾಡಿಯನ್ನು ಮೂಲೆಗೆ ನಿಲ್ಲಿಸುವಾಗ ತುಕ್ಕು ಹಿಡಿಯದಿರಲಿ ಎಂದು ಒಂದೊಂದು ಬೋಲ್ಟೂ ಬಿಚ್ಚಿ ಹೊಡೆದಿದ್ದೆ. ಬಣ್ಣವೆಂದರೆ ನನಗೆ ಹುಚ್ಚು, ನಿಮಗೆ ಗೊತ್ತು.

ತಪ್ಪು ಸಿಕ್ಕಿತಲ್ಲ ಎಂದು ಉಳಿ ಹಿಡಿದು ಬಣ್ಣ ಕೆರೆಯತೊಡಗಿದೆ. ಅಡಿಯಲ್ಲಿ ಕಬ್ಬಿಣ ಕಂಡಿತು. ಆ ಕಬ್ಬಿಣದ ಮೇಲೆ ಅರದ ಗೆರೆಗಳಿದ್ದವು. ಒಂದು ಸಲ ಈ ಕಡೆಯಿಂದ, ಒಂದು ಸಲ ಆ ಕಡೆಯಿಂದ, ಚೌಕ ಚೌಕವಾಗಿ. ಹಾಗೆ ಅರ ಹಾಕುವವರು ಈ ಊರಿನಲ್ಲಿ ಒಬ್ಬರೇ ಇದ್ದರು. ಅಂಚುಗಳಲ್ಲಿ ನಾನು ಹೊಡೆದ ಇನ್ನೂ ಹಳೆಯ ಬಣ್ಣ ಸ್ವಲ್ಪ ಉಳಿದಿತ್ತು, ಆರು ವರ್ಷದ ಹಿಂದಿನದು.

ಅಂದರೆ ಆಗಲೂ ನಾನು ಅಲ್ಲಿಗೆ ಬಣ್ಣ ಹೊಡೆದಿದ್ದೆ, ನೀವು ಅದನ್ನು ಅರದಿಂದ ಉಜ್ಜಿ ತೆಗೆದಿದ್ದಿರಿ.

ಆ ವಾರ ನೀವು ಜೀಪಿಗೆ ಹೊಸ ವೈರಿಂಗ್ ಮಾಡಿದ್ದಿರಿ, ನಾನು ಚಾಸಿಗೆ ಬಣ್ಣ ಹೊಡೆದಿದ್ದೆ. ಎರಡು ದಿನ ಹೇಗೋ ಓಡಿತು. ಮೂರನೆಯ ದಿನ ಗುಡ್ಡದ ಮೇಲಿನ ಕಲ್ಲು ಕುಟಿಗನ ಹೆಂಡತಿಗೆ ನೋವು ಶುರುವಾಯಿತೆಂದು ಆಳು ಬಂದಾಗ ಬರೀ ಟಕ್. ತಳ್ಳೋಣವೆಂದರೆ ಆಸ್ಪತ್ರೆಯ ಮುಂದೆ ಏರು. ನರ್ಸಮ್ಮ ಚೀಲ ಹೊತ್ತು ನಡೆದೇ ಹೋದರು. ಅವರು ತಲುಪುವಷ್ಟರಲ್ಲಿ ಮಗು ಉಳಿದಿರಲಿಲ್ಲ.

ಮರುದಿನ ನಾನು ಬರುವಷ್ಟರಲ್ಲಿ ಜೀಪು ಗುರ್ ಎನ್ನುತ್ತ ನಿಂತಿತ್ತು. ಏನಾಗಿತ್ತೆಂದು ಕೇಳಿದೆ. “ವೈರು. ನನ್ನದೇ ತಪ್ಪು” ಎಂದು ಕೈ ಒರೆಸಿಕೊಂಡಿರಿ. ನನಗೆ ಹಾಯೆನಿಸಿತು ಭಾವ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಾಯೆನಿಸಿದ್ದು ನಿಜ. ಕುಟಿಗ ಶೆಡ್ಡಿಗೆ ಬಂದು ಯಾರು ಮಾಡಿದ್ದು ಎಂದಾಗ, “ವೈರಿಂಗ್ ಎಲ್ಲ ಭಾವಂದು, ನಾನು ಮುಟ್ಟೇ ಇಲ್ಲ” ಎಂದು ಮೊದಲು ಬಾಯಿಬಿಟ್ಟವನು ನಾನು. ಅವನು ನಿಮ್ಮ ಕೊರಳಪಟ್ಟಿ ಹಿಡಿದು ಅಲ್ಲಾಡಿಸಿದ. ನೀವು ಕೈ ಎತ್ತಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಒಂದು ತಿಂಗಳಿಗೆ ಅಕ್ಕನನ್ನು ಕರೆದುಕೊಂಡು ಊರು ಬಿಟ್ಟಿರಿ. ಶೆಡ್ಡಿನ ಬೀಗದ ಕೈ ನನಗೆ ಕೊಟ್ಟು ಹೋದಿರಿ.

ಹೆಂಡತಿಯ ತಮ್ಮ, ಇನ್ನೂ ಬಾಳಿ ಬದುಕಬೇಕಾದವನು ಎಂದು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿರಿ. ಅದರ ಬದಲು ಸ್ಪ್ಯಾನರಿನಿಂದ ನಾಲ್ಕು ಬಾರಿಸಿದ್ದರೆ ನಾನು ಮನುಷ್ಯನಾಗುತ್ತಿದ್ದೆ. ಕಡೇಪಕ್ಷ ಅದೇ ಜಾಗಕ್ಕೆ ಎರಡನೇ ಸಲ ಬಣ್ಣ ಹೊಡೆಯುತ್ತಿರಲಿಲ್ಲ. ನನಗೆ ನಿಮ್ಮ ಮೇಲೆ ಸಿಟ್ಟೂ ಇದೆ. ಸಿಟ್ಟು ಮಾಡುವ ಹಕ್ಕಿಲ್ಲ, ಆದರೂ ಇದೆ.

ಬಣ್ಣ ಕೆರೆದು ಪಟ್ಟಿ ಬಿಗಿದ ಮೇಲೆ ಮುದುಕಿ ಒಂದೇ ಸಲಕ್ಕೆ ಎದ್ದಳು. ನಿನ್ನೆ ಮಧ್ಯಾಹ್ನ ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರ ಎದುರು, ನರ್ಸಮ್ಮನ ಎದುರು ಎಲ್ಲ ಹೇಳಿದೆ. ಯಾರೂ ಬೈಯಲಿಲ್ಲ. ನರ್ಸಮ್ಮ, “ಸೋಮವಾರ ಎಂಟಕ್ಕೆ ಗಾಡಿ ತಾ” ಎಂದರಷ್ಟೆ. ಅಲ್ಲಿಂದ ಗುಡ್ಡ ಹತ್ತಿ ಕುಟಿಗನ ಮನೆಗೆ ಹೋದೆ. ಅವನು ಸುತ್ತಿಗೆ ಕೆಳಗಿಟ್ಟು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. “ಮಗು ವಿಷಯ ನನ್ನ ಹತ್ರ ಮಾತಾಡ್ಬೇಡ. ಆದ್ರೆ ಅವರ ಕೊರಳಪಟ್ಟಿ ಹಿಡಿದಿದ್ದು ಇದೇ ಕೈ. ಇದನ್ನ ಏನು ಮಾಡ್ಲಿ, ನೀನೇ ಹೇಳು” ಎಂದ. ನಿಮ್ಮ ವಿಳಾಸ ಕೇಳಿದ, ಕೊಟ್ಟಿದ್ದೇನೆ. ಬಂದರೆ ಒಳಗೆ ಕರೆಯಿರಿ.

ಇನ್ನು ಅಕ್ಕ. ವಾರಕ್ಕೊಮ್ಮೆ ಫೋನು ಮಾಡಿ ಊಟವಾಯಿತೇ ಎಂದು ಕೇಳುತ್ತಾಳೆ. ನೀವು ಗಿರಣಿಯಲ್ಲಿ ಪಂಪು ನೋಡಿಕೊಳ್ಳುವ ಸುದ್ದಿ ಹೇಳುತ್ತಾಳೆ. ಹೋದ ತಿಂಗಳು, “ನಿಮ್ಮ ಭಾವ ಈಗ ಗಾಡಿ ಮುಟ್ಟಲ್ಲ ಕಣೋ. ಮುಟ್ಟದೇ ಇರೋದೇ ಒಳ್ಳೇದು ಬಿಡು, ಒಂದು ಜೀವ ಹೋಗಿದ್ದು ಸಾಕು” ಎಂದಳು. ನಾನು ಹೂಂ ಎಂದೆ. ಆರು ವರ್ಷ ಒಂದೇ ಸೂರಿನಡಿ ಇದ್ದು ಅವಳಿಗೂ ನೀವು ಹೇಳಿಲ್ಲ. ಹೇಳಿದ್ದರೆ ಅವಳು ಸುಮ್ಮನಿರುವವಳಲ್ಲ.

ಈ ಕಾಗದ ಅವಳಿಗೆ ತೋರಿಸಿ ಎಂದು ಬರೆಯಬಹುದಿತ್ತು. ಆದರೆ ನೀವು ಓದಿ, ಮಡಚಿ, ಪಂಪಿನ ಮನೆಯಲ್ಲೇ ಸುಟ್ಟುಬಿಡುತ್ತೀರಿ. ನಿಮ್ಮನ್ನು ನಾನು ಬಲ್ಲೆ. ಅದಕ್ಕೇ ಇದನ್ನು ಗಿರಣಿಯ ವಿಳಾಸಕ್ಕೆ ಕಳಿಸುತ್ತಿದ್ದೇನೆ, ಅವಳ ಹೆಸರಿಗೆ ಬೇರೆ ಕಾಗದ ಬರೆದು ನಿನ್ನೆಯೇ ಮನೆಯ ವಿಳಾಸಕ್ಕೆ ಅಂಚೆಗೆ ಹಾಕಿದ್ದೇನೆ. ನೀವು ಇದನ್ನು ಓದುವ ಹೊತ್ತಿಗೆ ಅವಳು ಅದನ್ನು ಓದಿರುತ್ತಾಳೆ. ಇವತ್ತು ಮನೆಗೆ ಸ್ವಲ್ಪ ಬೇಗ ಹೋಗಿ ಭಾವ.

ನಿಮ್ಮಿಬ್ಬರ ಕಾಲಿಗೆ ಬೀಳುತ್ತೇನೆ. ನನಗೆ ಆಶೀರ್ವಾದ ಬೇಡ, ನೀವು ಚೆನ್ನಾಗಿರಿ.

ನಿಮ್ಮ ಕೈಯಲ್ಲಿ ಕೆಲಸ ಕಲಿತೂ ಕಲಿಯದ,
ಅಕ್ಕನ ತಮ್ಮ