ಮುಗಿಯದ ಕೇಕು

ಬುಧವಾರ, ೧೪

ಕನ್ನಡಕದ ವಿದ್ಯಾರ್ಥಿನಿಯ ಪ್ರಶ್ನೆ ಇಡೀ ದಿನ ತಲೆ ತಿಂದಿತು. ಓಟಗಾರ ಮೊದಲು ಅರ್ಧ ದಾರಿ ಓಡಬೇಕು, ಆಮೇಲೆ ಉಳಿದದ್ದರ ಅರ್ಧ, ಮತ್ತೆ ಅದರರ್ಧ, ಹಾಗಾಗಿ ಗುರಿ ಮುಟ್ಟುವುದೇ ಇಲ್ಲ ಎಂದನಲ್ಲ ಗ್ರೀಕರ ಝೀನೋ, “ಅದನ್ನ ಅವ್ನು ನಿಜವಾಗ್ಲೂ ನಂಬಿದ್ನಾ ಮೇಡಂ?” ನಾಳೆ ಹೇಳುತ್ತೇನೆಂದು ಜಾರಿಕೊಂಡೆ.

ಮನೆಗೆ ಬಂದರೆ ಫ್ರಿಜ್ಜಿನಲ್ಲಿ ಇನ್ನೂ ಭಾನುವಾರದ ಕೇಕು! ಮುಗಿಸಿದವರೇ ಡಬ್ಬಿ ತೊಳೆಯಬೇಕೆಂಬುದು ನಮ್ಮ ಮನೆಯ ಕಾನೂನು. ಅದಕ್ಕೇ ಎಲ್ಲರೂ ಉಳಿದದ್ದರಲ್ಲಿ ಅರ್ಧ ತಿಂದು, ಸಾಚಾಗಳಂತೆ ಮುಚ್ಚಳ ಹಾಕುತ್ತೇವೆ. ಇವತ್ತು ಉಳಿದದ್ದು ಕಡಲೆ ಗಾತ್ರ. ಇವರು ಅದಕ್ಕೂ ಚಾಕು ಹಿಡಿದು ನಿಂತಿದ್ದರು.

“ಇನ್ನೂ ಮುಗ್ದಿಲ್ವೇನೋ ಅದು?” ಎಂದರು ಅತ್ತೆ.

“ಅದು ಮುಗಿಯೋದೇ ಇಲ್ಲಮ್ಮ. ಮುಗಿಯುತ್ತೆ ಅನ್ನೋದಾದ್ರೆ ನೀನೇ ಮುಗಿಸಿ ತೋರ್ಸು.”

ಅತ್ತೆ ಗಬಕ್ಕನೆ ಬಾಯಿಗೆ ಹಾಕಿಕೊಂಡರು. “ನೋಡು, ಮುಗೀತು!”

ಇವರು ಡಬ್ಬಿಯನ್ನು ಅವರ ಕೈಗಿಟ್ಟರು. ನಕ್ಕೂ ನಕ್ಕೂ ನನಗೆ ಹೊಟ್ಟೆ ಹಿಡಿದುಕೊಂಡಿತು.

ಉತ್ತರ ಸಿಕ್ಕಿತು. ಝೀನೋ ಅದನ್ನು ನಂಬಿರಲಿಕ್ಕಿಲ್ಲ. ಜಗತ್ತಿನಲ್ಲಿ ಏನೂ ಚಲಿಸುವುದಿಲ್ಲ ಎಂದ ತನ್ನ ಗುರುವನ್ನು ಗೇಲಿ ಮಾಡಿದವರ ಕೈಗೆ ಈ ಒಗಟಿನ ಡಬ್ಬಿ ದಾಟಿಸಿದ, ಅಷ್ಟೆ. ನಾವು ಇಂದಿಗೂ ತೊಳೆಯುತ್ತಲೇ ಇದ್ದೇವೆ.

ಅತ್ತೆಯೇನು ಕಡಿಮೆಯೇ? ಈಗ ಅಡುಗೆಮನೆಗೆ ಹೋಗಿ ನೋಡಿದೆ: ಅರ್ಧ ಡಬ್ಬಿ ತೊಳೆದು ಮಲಗಿದ್ದಾರೆ.