ನೀವು ಒರೆಸಿ ಹಾಕಿದ ಉತ್ತರ

ವಸ್ತುಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ಮೂವತ್ತೆಂಟು ವರ್ಷಗಳ ಹಿಂದೆ ನನ್ನ ಅಕ್ಕ ನಿಮ್ಮ ಕಚೇರಿಗೆ ಕೊಟ್ಟಿದ್ದ ಉತ್ತರವನ್ನು ನಿಮ್ಮವರು ಒದ್ದೆ ಹತ್ತಿಯಿಂದ ಒರೆಸಿ ಹಾಕಿದ್ದಾರೆ. ಒರೆಸಿದ ಮೇಲೆ, ಕಲಾವಿದೆ ಉತ್ತರವನ್ನೇ ಕೊಟ್ಟಿಲ್ಲ ಎಂದು ಕಡತದಲ್ಲಿ ಬರೆದುಕೊಂಡಿದ್ದಾರೆ. ಎರಡೂ ಕೆಲಸವನ್ನು ಒಂದೇ ಮೇಜಿನ ಮೇಲೆ, ಪ್ರಾಯಶಃ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದ ನಿಮ್ಮ ದಾಖಲೆ ವಿಭಾಗದ ದಕ್ಷತೆಗೆ ಮೊದಲು ನನ್ನ ನಮಸ್ಕಾರ. ಇದನ್ನೇ ಮೂರು ಅರ್ಜಿಗಳಲ್ಲಿ ವಿನಯದಿಂದ ತಿಳಿಸಿದ್ದೆ. ವಿನಯ ನಿಮ್ಮ ಕಚೇರಿಯಲ್ಲಿ ಯಾವ ಮೇಜಿಗೂ ತಲುಪಲಿಲ್ಲ. ಆದ್ದರಿಂದ ಈಗ ಪತ್ರಿಕೆಯಲ್ಲಿ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನೀವು ಆ ಕುರ್ಚಿಗೆ ಬಂದು ಇನ್ನೂ ವರ್ಷವಾಗಿಲ್ಲ, ಹಿಂದಿನದು ಗೊತ್ತಿರಲಿಕ್ಕಿಲ್ಲ. ಗೊತ್ತಿರಬೇಕೆಂಬ ನಿಯಮವೂ ಇದ್ದಂತಿಲ್ಲ. ಹಾಗಾಗಿ ಹೇಳುತ್ತೇನೆ. ಆ ವರ್ಷ ನಿಮ್ಮ ಎರಡನೆಯ ಸಭಾಂಗಣದಲ್ಲಿ ಐದು ಜನ ಅಮೂರ್ತ ಚಿತ್ರಕಾರರ ಗುಂಪು ಪ್ರದರ್ಶನ ನಡೆಯಿತು. ಐವರಲ್ಲಿ ಅಕ್ಕ ಒಬ್ಬಳು. ಅವಳದು ಮೂರು ಹಲಗೆಗಳ ಒಂದು ಚಿತ್ರ. ಹಲಗೆಗಳ ನಡುವೆ ಒಂದೊಂದು ಗೇಣು ಗೋಡೆ ಕಾಣಬೇಕು, ಆ ಗೋಡೆಯ ಬಣ್ಣವೂ ಚಿತ್ರದ್ದೇ ಭಾಗ. ಗೋಡೆ ತಪ್ಪಿದರೆ ಅಲ್ಲಿ ಚಿತ್ರವಿಲ್ಲ, ಮೂರು ಹಲಗೆಗಳಿವೆ, ಅಷ್ಟೇ. ಆ ಹಲಗೆಗಳನ್ನು ಹೆರೆದು ಜೋಡಿಸಿದವನು ನಾನು. ನಾನು ಬಡಗಿ. ಚಿತ್ರದ ವಿಷಯದಲ್ಲಿ ನನ್ನ ಮಾತಿಗೆ ನೀವು ಬೆಲೆ ಕೊಡಬೇಕಾಗಿಲ್ಲ. ಆದರೆ ಗೋಡೆ, ಮರದ ಪಟ್ಟಿ, ಸ್ಕ್ರೂಗಳ ವಿಷಯದಲ್ಲಿ ದಯವಿಟ್ಟು ಸ್ವಲ್ಪ ಕಿವಿಗೊಡಿ.

ಪ್ರದರ್ಶನಕ್ಕೆ ಮುಂಚೆ ನಿಮ್ಮ ಕಚೇರಿಯಿಂದ ಅಕ್ಕನಿಗೊಂದು ಕಾಗದ ಬಂತು. "ಗೋಡೆಯ ಬಣ್ಣ ಯಾವುದಿರಬೇಕೆಂದು ಈ ಪತ್ರದ ಕೆಳಭಾಗದಲ್ಲಿ ತಿಳಿಸಿ ಹಿಂದಿರುಗಿಸುವುದು." ಅಕ್ಕ ಅಡುಗೆಮನೆಯ ಕಿಟಕಿಯ ಬಳಿ ಕೂತು ಎರಡು ದಿನ ಬಣ್ಣ ಕಲಸಿದಳು. ಕಲಸುವುದು, ತಟ್ಟೆಯ ಮೇಲೆ ಹಚ್ಚುವುದು, ಒಣಗಲು ಬಿಡುವುದು, ಮೂಗು ಮುರಿಯುವುದು, ತೊಳೆಯುವುದು. ಮನೆಯಲ್ಲಿ ಊಟಕ್ಕೆ ತಟ್ಟೆ ಉಳಿಯಲಿಲ್ಲ. ಮೂರನೆಯ ದಿನ ಕಾಗದದ ಕೆಳಗೆ ಹೆಬ್ಬೆರಳುದ್ದ ಬಣ್ಣ ಬಳಿದು, ಒಂದಕ್ಷರವನ್ನೂ ಬರೆಯದೆ ನನ್ನ ಕೈಗೆ ಕೊಟ್ಟಳು. ಬೂದಿ ಬಣ್ಣ, ಅದರೊಳಗೆಲ್ಲೋ ಚೂರು ಹಸಿರು. ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟು ಅರ್ಧ ಒಣಗಿದಾಗ ಕಾಣುವಂಥದ್ದು.

"ಹೆಸರಾದ್ರೂ ಬರಿಯೇ, ಅವರಿಗೆ ಅರ್ಥ ಆಗ್ಬೇಡ್ವಾ?" ಎಂದೆ.

"ಹೆಸರು ಬರೆದ್ರೆ ಅವರು ಹೆಸರನ್ನ ಬಳೀತಾರೆ ಕಣೋ. ನನಗೆ ಈ ಬಣ್ಣ ಬೇಕು. ಒಯ್ದು ಕೊಡು ಸುಮ್ನೆ."

ಒಯ್ದು ಕೊಟ್ಟೆ. ಆಗ ನಿಮ್ಮಲ್ಲಿ ಪ್ರದರ್ಶನಗಳನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದರು, ಈಗಿಲ್ಲ. ಅವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಸರಿ, ಉತ್ತರ ಬಂತು" ಎಂದರು. ಪೇಂಟರನ್ನು ಕರೆಸಿ, ಕಾಗದವನ್ನು ಗೋಡೆಗೆ ಹಿಡಿದು, ನಾಲ್ಕು ಸಲ ಕಲಸಿಸಿ ಅದೇ ಬಣ್ಣ ಹೊಡೆಸಿದರು. ಉದ್ದೇಶಪೂರ್ವಕವಾಗಿ ಬಳಿದ ಬಣ್ಣಕ್ಕೂ ಕೊಳೆಗೂ ಇರುವ ವ್ಯತ್ಯಾಸ ತಿಳಿದ ಒಬ್ಬ ನೌಕರ ನಿಮ್ಮ ಸಂಸ್ಥೆಯಲ್ಲಿ ಇದ್ದರು ಎಂಬುದಕ್ಕೆ ಸಾಕ್ಷಿ ನಾನು. ಬೇಕಿದ್ದರೆ ಪ್ರಮಾಣಪತ್ರ ಬರೆದುಕೊಡುತ್ತೇನೆ.

ಈಗ ಆ ಪ್ರದರ್ಶನವನ್ನೇ ಅದೇ ಸಭಾಂಗಣದಲ್ಲಿ ಮತ್ತೆ ಕಟ್ಟುತ್ತೀರಂತೆ. ಒಳ್ಳೆಯದು. ಐವರಲ್ಲಿ ಬದುಕಿರುವವಳು ಅಕ್ಕ ಒಬ್ಬಳೇ. ಆಹ್ವಾನ ಬಂದ ದಿನ ಅವಳು ಅದನ್ನು ನನ್ನಿಂದ ಮೂರು ಸಲ ಓದಿಸಿಕೊಂಡಳು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಎಲ್ಲ ಗೋಡೆಗಳೂ ನಿಯಮಾನುಸಾರ ಬಿಳಿ. ಅಕ್ಕ ಆ ಸಾಲನ್ನು ಮತ್ತೆ ಓದಿಸಿಕೊಂಡು, "ಆ ಕಾಗದ ಅವರ ಹತ್ರಾನೇ ಇರುತ್ತಲ್ಲ, ತೆಗೆದು ನೋಡೋಕ್ಹೇಳು" ಎಂದಳು.

ಕಲಾವಿದೆಯೇ ಇದ್ದಾರಲ್ಲ, ಇನ್ನೊಮ್ಮೆ ಕಲಸಿಕೊಡಲಿ ಎಂದು ನಿಮ್ಮ ಕಚೇರಿಯ ಜಾಣರೊಬ್ಬರು ಫೋನಿನಲ್ಲಿ ಸಲಹೆ ಕೊಟ್ಟರು. ಅಕ್ಕನಿಗೆ ಎಪ್ಪತ್ತೊಂಬತ್ತು. ಆರು ವರ್ಷದಿಂದ ಕಣ್ಣಿನ ಒಳಪದರ ಕೆಡುತ್ತಾ ಬಂದಿದೆ. ಎದುರಿಗಿರುವುದು ಮಸುಕು, ಅಂಚಿನಲ್ಲಿರುವುದು ಹಳದಿ. ನನ್ನ ನೀಲಿ ಅಂಗಿಯನ್ನು ಮೊನ್ನೆ ಹಸಿರು ಎಂದಳು, ನಾನು ತಿದ್ದಲಿಲ್ಲ. ಜೀವನವಿಡೀ ಬಣ್ಣಕ್ಕೆ ಹೆಸರಿಡಲು ಒಪ್ಪದವಳ ಪಾಲಿಗೆ ಈಗ ಉಳಿದಿರುವುದು ಹೆಸರುಗಳು ಮಾತ್ರ.

ಕಾಗದ ಹುಡುಕಿಕೊಂಡು ನಿಮ್ಮ ವಾಚನಾಲಯಕ್ಕೆ ಬಂದೆ. ಚೀಲ ಹೊರಗೆ, ಪೆನ್ನು ಹೊರಗೆ, ಕೈಗೆ ಬಿಳಿ ಗವಸು. ಕಡತ ಬಂತು. ಎಂಥ ಕಡತ ಸ್ವಾಮಿ! ಉದ್ಘಾಟನೆಯ ದಿನ ಚಹಾಕ್ಕೆ ಬಂದವರ ಪಟ್ಟಿಯಿದೆ. ಒಂದು ತುಕ್ಕು ಹಿಡಿದ ಗುಂಡುಸೂಜಿಯನ್ನು ಪ್ರತ್ಯೇಕ ಲಕೋಟೆಯಲ್ಲಿಟ್ಟು "ಗುಂಡುಸೂಜಿ, ಒಂದು" ಎಂದು ನಮೂದಿಸಲಾಗಿದೆ. ಹಲಗೆಯೊಂದನ್ನು ಎತ್ತಿ ಹಿಡಿದಿರುವ ನನ್ನ ಫೋಟೋ ಸಹ ಇದೆ, ಅದರಡಿ "ಗುರುತಿಸಲಾಗದ ಸಹಾಯಕ" ಎಂದಿದೆ. ಮತ್ತು ಆ ಕಾಗದವಿದೆ. ಹಾಲಿನಲ್ಲಿ ಅದ್ದಿ ತೆಗೆದ ಹಾಗೆ, ಬೆಳ್ಳಗೆ.

ಮೇಜಿನಾಚೆಯ ಹುಡುಗಿ ಒಳ್ಳೆಯವಳು, ನನ್ನ ಮುಖ ನೋಡಿ ಖುಷಿಯೆಂದೇ ಭಾವಿಸಿದಳು. "ಎಷ್ಟು ಚೆನ್ನಾಗಿ ಬಂದಿದೆ ನೋಡಿ ಸರ್! ಕೆಳಗಡೆ ಯಾರೋ ಕೈ ಒರೆಸಿಬಿಟ್ಟಿದ್ರು. ಒಂದು ವಾರ ಕೂತು ತೆಗೆದ್ವಿ."

"ಕೈ ಒರೆಸಿದ್ದಲ್ಲಮ್ಮಾ. ಅದೇ ಉತ್ತರ."

ಅವಳು ಕಡತದ ವಿಷಯಸೂಚಿಯ ಮೇಲೆ ಬೆರಳಿಟ್ಟು ತೋರಿಸಿದಳು. "ಇಲ್ಲ ಸರ್, ಉತ್ತರ ಬಂದಿಲ್ಲ ಅಂತಿದೆಯಲ್ಲ."

ಅವಳ ಮೇಲೆ ನನಗೆ ಸಿಟ್ಟಿಲ್ಲ. ಶುಚಿ ಮಾಡು ಎಂದವರ ಮಾತು ಕೇಳಿ ಅವಳು ಶುಚಿ ಮಾಡಿದಳು. ನನ್ನ ಪ್ರಶ್ನೆ ನಿಮಗೆ. ಕಲಾವಿದೆಗೆ ಬರೆದ ಕಾಗದ, ಕಲಾವಿದೆಯ ಮನೆಯಿಂದ ಬಂದ ಕಾಗದ, ಬಣ್ಣ ಯಾವುದು ಎಂದು ಕೇಳಿದ ಸಾಲಿನ ಕೆಳಗೇ ಬಣ್ಣವಿದೆ. ಇದೇನಿರಬಹುದು ಎಂದು ಇಡೀ ಕಟ್ಟಡದಲ್ಲಿ ಒಬ್ಬರಿಗಾದರೂ ಅನ್ನಿಸಲಿಲ್ಲವೇ? ಒರೆಸುವ ಮುನ್ನ ತೆಗೆದ ಸ್ಕ್ಯಾನ್ ಇದೆಯೇ ಎಂದು ಕೇಳಿದೆ. ಇದೆಯಂತೆ. ಜಾಗ ಉಳಿಸಲು ಕಪ್ಪು-ಬಿಳುಪಿನಲ್ಲಿ. ಗುಂಡುಸೂಜಿಯದು ಮಾತ್ರ ಬಣ್ಣದಲ್ಲಿದೆ, ತುಕ್ಕು ಸೊಗಸಾಗಿ ಬಂದಿದೆ.

ಹೊರಬರುವಾಗ ಕಾಲು ತಾನಾಗಿ ಎರಡನೆಯ ಸಭಾಂಗಣಕ್ಕೆ ತಿರುಗಿತು. ಗೋಡೆಗಳ ಮೇಲೆ ಇಷ್ಟು ವರ್ಷಗಳ ಬಿಳಿ. ಬಾಗಿಲ ಬಲಕ್ಕೆ, ನನ್ನ ಎದೆಯೆತ್ತರದಲ್ಲಿ ಒಂದು ಮರದ ಪಟ್ಟಿ, ಅದರ ಮೇಲೂ ಬಿಳಿ, ಅದಕ್ಕೆ ತೂಗುಹಾಕಿದ ಫಲಕದಲ್ಲಿ "ದಯವಿಟ್ಟು ಮುಟ್ಟಬೇಡಿ." ಪಟ್ಟಿಯ ಎಡತುದಿಯಲ್ಲಿ ಗರಗಸ ಜಾರಿದ ಕಚ್ಚು. ಆ ಕಚ್ಚು ನನ್ನದು. ಆ ದಿನ ಅಕ್ಕನಿಂದ ಬೈಸಿಕೊಂಡಿದ್ದೆ. ಮೊದಲ ಹಲಗೆಯನ್ನು ನೇತುಹಾಕಲು ನಾನೇ ಸ್ಕ್ರೂ ಹಾಕಿ ಕೂರಿಸಿದ ಪಟ್ಟಿ ಅದು, ಗೋಡೆಗೆ ಹೊಡೆದ ಅಕ್ಕನ ಬಣ್ಣ ಒಣಗಿದ ಮೇಲೆ ಕೂರಿಸಿದ್ದು. ಪ್ರದರ್ಶನ ಮುಗಿದ ಮೇಲೆ ಇದೊಂದನ್ನು ಬಿಚ್ಚಲು ಯಾರಿಗೂ ಪುರುಸೊತ್ತಾಗಲಿಲ್ಲ. ಫಲಕ ತೂಗುಹಾಕಲು ಅನುಕೂಲವಾಯಿತೆಂದು ಬಿಟ್ಟರು. ನಿಮ್ಮ ಸಂಸ್ಥೆ ಈ ಪ್ರದರ್ಶನದ ಬಗ್ಗೆ ನಿಜವಾಗಿ ಕಾಪಾಡಿದ ದಾಖಲೆ ಅದೊಂದೇ, ಅದೂ ಸೋಮಾರಿತನದಿಂದ. ಪಟ್ಟಿಯ ಹಿಂದೆ, ಗಾಳಿ ಬೆಳಕು ತಾಕದೆ, ಅಕ್ಕನ ಬಣ್ಣವಿದೆ.

ಕೈ ಚಾಚಿದೆ. ಕಾವಲಿನವನು ಓಡಿ ಬಂದ. "ಏನಜ್ಜಾ, ಮುಟ್ಟಬೇಡಿ ಅಂತ ಬರೆದಿರೋದು ಕಾಣಲ್ವಾ?"

ಮೂರನೆಯ ಅರ್ಜಿ ಈ ಪಟ್ಟಿ ಬಿಚ್ಚಿಸಿ ಎಂಬುದು. ಅದಕ್ಕೆ ಮಾತ್ರ ಉತ್ತರ ಬಂತು: "ಸದರಿ ಪಟ್ಟಿಯು ಸದರಿ ಪ್ರದರ್ಶನಕ್ಕೆ ಸಂಬಂಧಿಸಿದ್ದೆಂಬುದಕ್ಕೆ ದಾಖಲೆ ಒದಗಿಸುವುದು." ದಾಖಲೆ! ಇದ್ದ ದಾಖಲೆಯನ್ನು ತೊಳೆದು ಒಣಹಾಕಿದವರು ನನ್ನ ಹತ್ತಿರ ದಾಖಲೆ ಕೇಳುತ್ತಾರೆ. ಇಂಥ ವಾಕ್ಯಕ್ಕೆ ಸಹಿ ಹಾಕುವಾಗ ನಿಮ್ಮ ಕೈ ಸ್ವಲ್ಪವಾದರೂ ತಡೆಯಲಿಲ್ಲವೇ? ಬರುವ ಸೋಮವಾರ ಆ ಗೋಡೆಯನ್ನು ಕೆರೆದು ಹೊಸ ಗಾರೆ ಮಾಡುತ್ತಾರೆಂದು ನಿಮ್ಮದೇ ಪ್ರಕಟಣೆಯಲ್ಲಿದೆ. ಕೆರೆದ ಮೇಲೆ ಲೋಕದಲ್ಲೆಲ್ಲೂ ಆ ಬಣ್ಣವಿರುವುದಿಲ್ಲ.

ಅಕ್ಕನಿಗೆ ಎಲ್ಲ ಹೇಳಿದೆ. ಪಟ್ಟಿಯ ವಿಷಯ ಕೇಳಿ ನಕ್ಕಳು, ಕಚ್ಚಿನ ವಿಷಯಕ್ಕೆ ಇನ್ನೊಮ್ಮೆ ಬೈದಳು. ನಾನು ತಡೆಯಲಾರದೆ, "ಬಿಚ್ಚಿದ್ರೂ ನಿನಗೆ ಕಾಣಲ್ವಲ್ಲೇ ಅಕ್ಕಾ" ಎಂದುಬಿಟ್ಟೆ.

"ನನಗ್ಯಾಕೋ ಕಾಣ್ಬೇಕು? ನಾನು ನೋಡಿ ಆಗಿದೆ. ಬರೋರಿಗೆ ಕಾಣ್ಲಿ."

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಸಮಿತಿ ಬೇಡ, ವಿಷಾದಪತ್ರ ಬೇಡ, ಶಾಲು ಬೇಡ. ಶನಿವಾರ ಬೆಳಗ್ಗೆ ಹತ್ತಕ್ಕೆ ಅಕ್ಕನನ್ನು ಕರೆದುಕೊಂಡು ಬರುತ್ತೇನೆ. ಅವಳಿಗೊಂದು ಕುರ್ಚಿ ಹಾಕಿಸಿ. ಬಣ್ಣ ಕಲಸಬಲ್ಲ ಒಬ್ಬ ಪೇಂಟರನ್ನು ನಿಲ್ಲಿಸಿ. ಪಟ್ಟಿಗಿರುವುದು ನಾಲ್ಕು ಸ್ಕ್ರೂ, ಸ್ಕ್ರೂಡ್ರೈವರ್ ನಾನೇ ತರುತ್ತೇನೆ. ನಿಮ್ಮ ಕಡೆಯಿಂದ ಆಗಬೇಕಾದ್ದು ಒಂದೇ ಒಂದು ಆದೇಶ: ನಾನು ಪಟ್ಟಿ ಬಿಚ್ಚಿ, ಪೇಂಟರ್ ಅದೇ ಬಣ್ಣ ಕಲಸಿ ಮುಗಿಸುವ ತನಕ, ನಿಮ್ಮವರು ಯಾರೂ ಒದ್ದೆ ಹತ್ತಿ ಹಿಡಿದು ಆ ಸಭಾಂಗಣದೊಳಗೆ ಕಾಲಿಡಕೂಡದು.

ಇಂತಿ,
ನಿಮ್ಮ ಕಡತದಲ್ಲಿ ಹಲಗೆ ಹಿಡಿದು ನಿಂತಿರುವ,
ಗುರುತಿಸಲಾಗದ ಸಹಾಯಕ